ಒಡೆದ ಸಿಳ್ಳೆ

ಹಾದೊ, ಜೇಜು ದ್ವೀಪ
ನವೆಂಬರ್ ೧೮

ಒಲವಿನ ತಂಗಿ ಇನ್‌ಜಾ,

ಹೇಗಿದ್ದೀಯಾ? ಒಸಾಕಾದಲ್ಲೂ ಚಳಿ ಹಿಡಿದಿರಬೇಕು. ನೆಗಡಿ ಹೋಯಿತೇ? ಕಳಿಸಿದ ಕಿತ್ತಳೆ ತಲುಪಿದ್ದರೆ ಪೆಟ್ಟಿಗೆಯ ತಳದವನ್ನು ಮೊದಲು ತಿನ್ನು, ಅವು ಬೇಗ ಕೊಳೆಯುತ್ತವೆ.

ನನ್ನ ಎರಡೂ ಕಿವಿಗೆ ಶ್ರವಣಯಂತ್ರ ಬಂದಿದೆ. ಹುಡುಗಿಯಾಗಿದ್ದಾಗಿನಿಂದ ಚಿಪ್ಪು ಹೆಕ್ಕಲು ಮುಳುಗಿ ಸಮುದ್ರದ ತಳ ಮುಟ್ಟಿ ಬಂದ ಕಿವಿ, ಉಳಿಯುವುದಾದರೂ ಹೇಗೆ? ಮಗಳು ಯೋನ್‌ಹಿ ಬಲವಂತವಾಗಿ ಹಾಕಿಸಿದಳು. "ಸ್ವಲ್ಪ ದಿನ ತಡ್ಕೋಮ್ಮಾ, ಒಗ್ಗತ್ತೆ" ಎಂದಳು. ಎಲ್ಲಿ ಒಗ್ಗುತ್ತದೆ! ಮೂಲಂಗಿ ಅಗಿದರೆ ತಲೆಯೊಳಗೆ ಜಲ್ಲಿ ಅರೆದಂತೆ. ನಲ್ಲಿ, ಚಪ್ಪಲಿ, ಪ್ಲಾಸ್ಟಿಕ್ ಚೀಲ, ಎಲ್ಲಕ್ಕೂ ಬಾಯಿ ಬಂದಿದೆ. ನನ್ನ ದನಿ ಮಾತ್ರ ನನ್ನದಲ್ಲ. ಎರಡನ್ನೂ ಕಿತ್ತಿಟ್ಟು ಅತ್ತುಬಿಟ್ಟೆ.

ದಡದ ಬೆಂಕಿಗೂಡಿನಲ್ಲಿ ಮೈ ಕಾಯಿಸುವ ನಮ್ಮ ಮುಳುಗುವ ಹೆಂಗಸರ ಮಾತು ಗೊತ್ತಲ್ಲ, ಎಲ್ಲರೂ ಅರೆಕಿವುಡರು, ಗುಟ್ಟನ್ನೂ ಊರಿಗೆ ಕೇಳುವಂತೆ ಹೇಳುವವರು. ಬೋಕ್‌ಜಾ ಕಿವಿಯ ಬುಡಕ್ಕೇ ಬಂದು, "ಏನಕ್ಕಾ, ಹೊಸ ಓಲೆ ಹಾಕ್ಕೊಂಡು ಈ ವಯಸ್ಸಲ್ಲಿ ಯಾವ ಗಂಡು ನೋಡೋಕ್ ಹೊರಟೆ?" ಎಂದು ಕಿರುಚಿದಳು. ನಗು ತಲೆ ಸೀಳಿತು. ಆಮೇಲೆ ಎಲ್ಲರೂ ನೀರಿಗಿಳಿದರು, ನಾನೊಬ್ಬಳು ಉಳಿದೆ. ಯಂತ್ರ ಹಾಕಿಕೊಂಡು ಮುಳುಗುವಂತಿಲ್ಲ, ತೆಗೆದರೆ ಜೊತೆಯವಳು ಕೂಗಿದ್ದು ಕೇಳುವುದಿಲ್ಲ. "ನೀನಿನ್ನು ಬೆಂಕಿ ನೋಡ್ಕೊಂಡಿರಕ್ಕಾ" ಎಂದು ತೀರ್ಮಾನ ಮಾಡಿಬಿಟ್ಟರು.

ಅಲ್ಲಿ ಕೂತು ಎಷ್ಟೋ ವರ್ಷದ ಮೇಲೆ ಅವರ ಉಸಿರಿನ ಸಿಳ್ಳೆ ಕೇಳಿದೆ. ನೀರಿನಿಂದ ತಲೆ ಎತ್ತಿ ಬಿಡುವ ಆ ಸಿಳ್ಳೆ ಒಬ್ಬೊಬ್ಬಳದೂ ಬೇರೆ. ಅಮ್ಮ ಬೆನ್ನು ತಿರುಗಿಸಿ ನಿಂತೇ ಯಾರ ಎದೆಯಲ್ಲಿ ಎಷ್ಟು ಉಸಿರು ಉಳಿದಿದೆ ಎಂದು ಹೇಳುತ್ತಿದ್ದಳು, ನೆನಪಿದೆಯೇ? ನಿನ್ನ ಸಿಳ್ಳೆ ಒಡೆದರೆ ಸಾಕು, "ಇನ್ನು ಸಾಕು ಬಾರೇ" ಎಂದು ಕೂಗಿ ಹೊರಗೆ ಕರೆಯುತ್ತಿದ್ದಳು. ಆ ವಿದ್ಯೆ ನನಗೂ ಇತ್ತು, ಕಿವಿಯೊಂದಿಗೇ ಹೋಯಿತು. ಈಗ ಕಿವಿ ಬಂತು, ಸಮುದ್ರ ಹೋಯಿತು. ಹೀಗೆ ದಡದಲ್ಲಿ ಕೂತು ಯಾರಿಗಾಗಿ ಬದುಕಬೇಕೋ ತಿಳಿಯುತ್ತಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ಬಿಸಿ ಗಂಜಿ ಕುಡಿ, ಬೆಚ್ಚಗಿರು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಮಲ್‌ಸುನ್

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಭಾನುವಾರದ ಫೋನನ್ನು ಮೊದಲ ಸಲ ಯಂತ್ರ ಹಾಕಿಕೊಂಡು ಕೇಳಿದೆ. "ಚೆನ್ನಾಗಿದ್ದೀನಕ್ಕಾ, ಬರೀ ನೆಗಡಿ" ಎಂದೆ ನೀನು. ಮಾತಿನ ನಡುವೆ ನಿನ್ನ ಉಸಿರು ಸಿಳ್ಳೆ ಹಾಕುತ್ತಿತ್ತು, ಒಡೆದ ಸಿಳ್ಳೆ. ಅದು ನೆಗಡಿಯಲ್ಲ ಕಣೇ. ಅಕ್ಕ ಕಿವುಡಿ ಎಂದು ಎಷ್ಟು ಕಾಲದಿಂದ ಹೀಗೆ ಹೇಳುತ್ತಿದ್ದೀಯಾ? ಈ ಕಿವಿ ಬರದಿದ್ದರೇ ಚೆನ್ನಾಗಿತ್ತು. ಕರೆಯಲು ಅಮ್ಮ ಇಲ್ಲ, ನಾನು ಕರೆಯುತ್ತಿದ್ದೇನೆ. ಇನ್ನು ಸಾಕು, ಬಾರೇ.