ದೋಷ ಗಾಡಿಯದೇ

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ನಾಲ್ಕೂ ಟೈರಿಗೆ ಗಾಳಿ ಚೆಕ್ ಮಾಡಿಸಿದೆ. ಎಲ್ಲ ಸರಿಯಿದೆ. ಆದರೂ ದೊಡ್ಡ ರಸ್ತೆಗೆ ಬಿದ್ದ ಕೂಡಲೇ ಗಾಡಿ ತನ್ನಿಷ್ಟ ಬಂದಂತೆ ಹೋಗುತ್ತದೆ. ಸ್ಟೇರಿಂಗ್ ಮೂರು ಬೆರಳಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ಆಮೇಲೆ ಒಮ್ಮೆಲೇ ಮುಟ್ಟುತ್ತದೆ. ಇವತ್ತೂ ಹಾಗೇ ಆಗಿ ಹಾಲಿನ ಅಂಗಡಿ ಎದುರಿನ ಕಂಬಕ್ಕೆ ಎಡಗಡೆಯ ಕನ್ನಡಿ ತಾಗಿತು. ಚೂರುಚೂರು. ಮಗಳು ಪಕ್ಕದಲ್ಲೇ ಕೂತಿದ್ದಳು.

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಅಡುಗೆಮನೆಯಲ್ಲಿ ಅವಳಮ್ಮನ ಹತ್ತಿರ ಮೆಲ್ಲಗೆ, "ಅಪ್ಪನ ಕೈ ನಡುಗುತ್ತೆ, ನೋಡಿದ್ದೀಯಾ? ಇನ್ನು ಗಾಡಿ ಸಾಕಮ್ಮ" ಅಂದಳು. ನನ್ನ ಕಿವಿ ನೆಟ್ಟಗಿದೆ ಎನ್ನುವುದು ಈ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಕೈ ನಡುಗುವುದು ಲೋಟ ಹಿಡಿದಾಗ. ಅದೂ ತುಂಬಿದ ಲೋಟ. ಈ ಊರಿನ ಅರ್ಧ ಜನಕ್ಕೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಹೇಳಿಕೊಟ್ಟ ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಕೈ ಇದು. ದೋಷ ಗಾಡಿಯದೇ. ಬರೆದಿಟ್ಟಿದ್ದೇನೆ.

ಸಂಜೆ — ಕೀ ಜಾಗದಲ್ಲಿಲ್ಲ. ಮಗಳ ಬ್ಯಾಗಿನಲ್ಲಿದೆ. "ರಿಪೇರಿಗೆ ಬೇಕಾದ್ರೆ ಮೆಕ್ಯಾನಿಕ್ ಬಂದು ತಗೊಂಡು ಹೋಗ್ಲಿ, ಅಪ್ಪ. ನೀವು ಓಡ್ಸೋದು ಬೇಡ." ಈ ತಿಂಗಳಲ್ಲಿ ಸರಿಹೋಗದಿದ್ದರೆ ಮಾರಿಬಿಡುವುದಂತೆ. ಗಾಡಿಯೂ ಹೋದರೆ ನಾನೇನು... ಪೇಪರ್ ಓದುವ ಮುದುಕ.

ಫೆಬ್ರವರಿ 6

ಮೆಕ್ಯಾನಿಕ್ ಬಂದ. ನನ್ನ ಹತ್ತಿರವೇ ಕಲಿತವನು. ರಿವರ್ಸ್ ತೆಗೆಯುವಾಗ ಇವತ್ತಿಗೂ ನಾಲಿಗೆ ಹೊರಗೆ ಹಾಕುತ್ತಾನೆ. ಒಂದು ರೌಂಡ್ ಹೋಗಿ ಬಂದು, "ಚಕ್ರದ ಅಲೈನ್‌ಮೆಂಟ್ ಹೋಗಿದೆ, ಮೇಷ್ಟ್ರೇ" ಎಂದ.

"ಅಲೈನ್‌ಮೆಂಟ್ ಹೋದ್ರೆ ಒಂದೇ ಕಡೆ ಎಳೀಬೇಕಲ್ವೇನಯ್ಯ? ಇದು ಎರಡೂ ಕಡೆ ತೂಗಾಡ್ತಿದೆ."

"ಮಾಡಿ ನೋಡೋಣ, ಬಿಡಿ."

ಮಾಡಿ ನೋಡಿದ. ತೂಗಾಟ ಹಾಗೇ ಇದೆ.

ಫೆಬ್ರವರಿ 11

ಚಕ್ರವನ್ನು ತಿರುಗಿಸುವ ರಾಡಿನ ತುದಿಯ ಜಾಯಿಂಟ್, ಟೈ ರಾಡ್ ಎಂಡ್, ಎರಡೂ ಹೊಸದು ಹಾಕಿದ. ಹಳೆಯದನ್ನು ಅಲ್ಲಾಡಿಸಿ ನೋಡಿದೆ. ಬಿಗಿಯಾಗೇ ಇತ್ತು. ಮತ್ಯಾಕೆ ಬಿಚ್ಚಿದೆ ಎಂದರೆ, "ಹಳೇದಾಗಿತ್ತಲ್ಲ" ಅಂತಾನೆ. ಹಳೇದಾದದ್ದೆಲ್ಲ ಕೆಟ್ಟಿದೆ ಅಂತ ಇವನಿಗೆ ಯಾರು ಹೇಳಿದರು?

ಸ್ಟೇರಿಂಗ್ ಮೊದಲಿನಷ್ಟೇ ಸಡಿಲ. ಕೊನೆಗೆ ಕೈಚೆಲ್ಲಿದ. ಹೋಗುವಾಗ ಗೇಟಿನ ಬಳಿ ಮಗಳ ಹತ್ತಿರ ಏನೋ ಪಿಸುಗುಟ್ಟಿದ. "ಅವರಿಗೂ ವಯಸ್ಸಾಯ್ತಲ್ಲ, ಅಕ್ಕ" ಎಂದದ್ದು ಕೇಳಿಸಿತು. ಊಟ ಸೇರಲಿಲ್ಲ.

ಫೆಬ್ರವರಿ 12

ಏನೂ ಮಾಡಲಿಲ್ಲ. ಗಾಡಿಗೆ ಒಂದು ಸುತ್ತು ಬಂದೆ. ಬಾನೆಟ್ ಮೇಲೆ ಕೈಯಿಟ್ಟು ನಿಂತೆ. ಒಳಗೆ ಬಂದೆ.

ಫೆಬ್ರವರಿ 15, ಭಾನುವಾರ, 11 ಗಂಟೆ

ಹೊಳೆಯಿತು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಸ್ಟೇರಿಂಗ್ ಅಲ್ಲಾಡಿಸಬೇಕು, ಇನ್ನೊಬ್ಬರು ಎಲ್ಲಿ ಅಲ್ಲಾಟ ನಿಲ್ಲುತ್ತದೆ ಎಂದು ನೋಡಬೇಕು. ಆ ಪುಣ್ಯಾತ್ಮ ಎಲ್ಲ ಒಬ್ಬನೇ ನೋಡಿದ್ದ. ಮಗಳು ಸ್ನಾನಕ್ಕೆ ಹೋದಾಗ ಇವಳೇ, ನನ್ನ ಹೆಂಡತಿ, ಅವಳ ಬ್ಯಾಗಿನಿಂದ ಕೀ ತಂದುಕೊಟ್ಟಳು. ಮದುವೆಯಾದಾಗಿನಿಂದ ಇವಳು ಮಾಡಿದ ಮೊದಲ ಕಳ್ಳತನ ಇರಬೇಕು. ಇವಳನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದೆ.

"ಊರಿಗೆಲ್ಲ ಕಲಿಸಿದ್ರಿ. ನನಗೆ ಮಾತ್ರ ಒಂದು ದಿನ ಇದನ್ನ ಮುಟ್ಟೋಕೆ ಬಿಡ್ಲಿಲ್ಲ."

"ಈಗ ಮುಟ್ಟು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

"ಉಪ್ಪು ಹಾಕ್ತೀಯಲ್ಲ, ಅಷ್ಟು."

"ನಾನು ಹಾಕೋ ಉಪ್ಪಾ, ನೀವು ಸಾಲದು ಅಂತ ಮೇಲೆ ಸುರ್ಕೊಳ್ಳೋ ಉಪ್ಪಾ?"

ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಸ್ಟೇರಿಂಗ್‌ನಿಂದ ಇಳಿದುಬರುವ ರಾಡ್ ತಿರುಗುತ್ತಿದೆ. ಅದರ ಮುಂದಿನ ರಾಡ್ ಕಲ್ಲಿನ ಹಾಗೆ ಕೂತಿದೆ. ಟಕ್. ಆಮೇಲೆ ತಿರುಗಿತು. ಎರಡನ್ನೂ ಹಿಡಿದಿರುವ ಜಾಯಿಂಟ್ — ಕ್ರಾಸ್ ಎನ್ನುತ್ತೇವೆ — ಸವೆದು ಲೊಡಲೊಡ ಅನ್ನುತ್ತಿದೆ. ಸಿಕ್ಕಿತು. ಕಣ್ಣಲ್ಲಿ ನೀರು ಬಂತು. ಬರೆಯಲು ನಾಚಿಕೆಯೇನು, ಇದನ್ನು ಓದುವವರು ಯಾರು.

ಮಗಳನ್ನು ಕರೆದು ತೋರಿಸಿದೆ. ಒದ್ದೆ ಕೂದಲಲ್ಲೇ ಬಗ್ಗಿ ಬಹಳ ಹೊತ್ತು ನೋಡಿದಳು. "ಹೌದಲ್ಲಪ್ಪ" ಅಂದಳು. ಮುಖ ಸಣ್ಣದಾಯಿತು.

ಫೆಬ್ರವರಿ 20

ಹೊಸ ಕ್ರಾಸ್ ಬಂತು. ಮೆಕ್ಯಾನಿಕ್ ಹಾಕಿ, ಓಡಿಸಿ ಬಂದ. "ಬೆಣ್ಣೆ, ಮೇಷ್ಟ್ರೇ. ಬೆರಳು ಆಡ್ಸಿದ್ರೂ ಚಕ್ರ ಕೇಳುತ್ತೆ." ಮಗಳೂ ಒಂದು ರೌಂಡ್ ಹೋದಳು. ಗೆರೆ ಎಳೆದ ಹಾಗೆ ಹೋಗಿ ಬಂತು. ಇಳಿದವಳೇ ಕೀ ನನ್ನ ಕೈಗಿಟ್ಟು, "ತಪ್ಪಾಯ್ತಪ್ಪ. ಎಲ್ಲಾನೂ ನಿಮ್ಮ ತಲೆಗೆ ಕಟ್ಟಿಬಿಟ್ಟೆ" ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ "ಆಯ್ತು ಬಿಡು" ಎಂದೆ.

ಊಟಕ್ಕೆ ಕೂತಾಗ ಇನ್ನೊಂದು ಮಾತು. ಸೋಮವಾರದಿಂದ ಅವಳಿಗೆ ಬೆಳಗಿನ ಡ್ಯೂಟಿ. ಮೊಮ್ಮಗಳನ್ನು ಸ್ಕೂಲಿಗೆ ಬಿಡುವುದು ನಾನು. "ನೀವಿರುವಾಗ ಬೇರೆಯವರ ಗಾಡಿ ಯಾಕೆ?" ಎದೆಯುಬ್ಬಿತು. ಎರಡು ಸಲ ಬಡಿಸಿಕೊಂಡೆ.

ಫೆಬ್ರವರಿ 21, ಶನಿವಾರ

ಒಬ್ಬನೇ ತೆಗೆದುಕೊಂಡು ಹೋದೆ. ದೊಡ್ಡ ರಸ್ತೆಗೆ ಬಿದ್ದೆ. ಗಾಡಿ ಕುಣಿಯಿತು.

ಮೊದಲು ಮೆಕ್ಯಾನಿಕ್‌ಗೆ ಬೈದೆ. ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಬೋಲ್ಟ್ ಬಿಗಿಯಾಗಿದೆ. ಮತ್ತೆ ಹೊರಟೆ. ಮತ್ತೆ ಅದೇ, ಮೊದಲಿಗಿಂತ ಜಾಸ್ತಿ. ಸೈಕಲ್ಲಿನವನೊಬ್ಬ ಒಂದು ಗೇಣು ಅಂತರದಲ್ಲಿ ಉಳಿದ. ಕಾಲೂರಿ ನಿಂತು ನನ್ನ ಮುಖ ನೋಡಿದ.

ಆಗ ಕೈ ನೋಡಿಕೊಂಡೆ. ನಡುಗುತ್ತಿತ್ತು. ಲೋಟ ಇಲ್ಲ, ಏನಿಲ್ಲ.

ಅರ್ಥವಾಯಿತು. ಕ್ರಾಸ್ ಸಡಿಲ ಇದ್ದಾಗ ನನ್ನ ನಡುಕವೆಲ್ಲ ಅಲ್ಲೇ ಕರಗಿಹೋಗುತ್ತಿತ್ತು, ಚಕ್ರದವರೆಗೆ ಹೋಗುತ್ತಲೇ ಇರಲಿಲ್ಲ. ಈಗ ನಾನು ಹೇಳಿದ ಮಾತೆಲ್ಲ ಗಾಡಿ ಕೇಳುತ್ತದೆ. ನಡುಕವನ್ನೂ ಕೇಳುತ್ತದೆ. ಮಗಳು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ... ಗಾಡಿಯದು ಮಾತ್ರ ರಿಪೇರಿಯಾಯಿತು.

ನಡೆಯುವವರ ಸ್ಪೀಡಿನಲ್ಲಿ ಮನೆಗೆ ಬಂದೆ. ಹೇಳಿಬಿಡೋಣ ಎಂದು ಒಳಗೆ ಹೋದರೆ ಮಗಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾಳೆ: "ನಮ್ಮಪ್ಪನೇ ಕಂಡುಹಿಡಿದಿದ್ದು. ನಾವೆಲ್ಲ ಅವರ ಕೈ ಅಂತಿದ್ವಿ, ಪಾಪ." ಕೀ ಜಾಗದಲ್ಲಿಟ್ಟು ಹೊರಗೆ ಬಂದೆ.

ಫೆಬ್ರವರಿ 22, ಭಾನುವಾರ

ಹೇಳಲಿಲ್ಲ. ಬೆಳಿಗ್ಗೆ ಇನ್ನೊಂದು ಸಲ ಓಡಿಸಿ ನೋಡಿದೆ. ಗಟ್ಟಿಯಾಗಿ ಹಿಡಿದಷ್ಟೂ ನಡುಕ ಜಾಸ್ತಿ. "ಸ್ಟೇರಿಂಗನ್ನ ಹಿಸುಕಬೇಡ್ರಯ್ಯ" ಎಂದು ಎಷ್ಟು ಜನಕ್ಕೆ ಗದರಿಸಿದ್ದೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಹಳೇ ಕ್ರಾಸ್ ಇದೆಯಾ ಎಂದು ಕೇಳಿದೆ.

"ಅದನ್ನ ಏನ್ ಮಾಡ್ತೀರಾ, ಮೇಷ್ಟ್ರೇ? ಗುಜರಿಗೆ ಹಾಕ್ದೆ."

ಸುಮ್ಮನೆ ಕೇಳಿದೆ ಎಂದೆ. ಎಂಥ ಸ್ಥಿತಿಗೆ ಬಂದೆ ನಾನು.

ಫೆಬ್ರವರಿ 23, ಸೋಮವಾರ, 7:40

ಮಗಳು ಆಗಲೇ ಡ್ಯೂಟಿಗೆ ಹೋದಳು. ಬಾಗಿಲಲ್ಲಿ ನಿಂತು, "ಅಪ್ಪ ಇದ್ದಾರೆ ಅಂತ ಧೈರ್ಯ" ಎಂದು ಹೇಳಿಹೋದಳು. ಯಾಕೆ ಹೇಳಬೇಕಿತ್ತು ಅದನ್ನ.

ಮೊಮ್ಮಗಳು ಹೋಗಿ ಮುಂದಿನ ಸೀಟಿನಲ್ಲೇ ಕೂತಿದ್ದಾಳೆ. ಕೈಚಾಚಿ ಹಾರ್ನ್ ಒತ್ತುತ್ತಿದ್ದಾಳೆ. "ತಾತಾ, ಲೇಟಾಯ್ತು."

ಇವಳು ಕೈ ಒರೆಸಿಕೊಳ್ಳುತ್ತಾ ಬಂದಳು. "ಏನ್ರೀ, ಈಗ ಬರೆಯೋಕೆ ಕೂತ್ರಲ್ಲ? ಹುಷಾರಾಗಿದ್ದೀರಿ ತಾನೇ?"

ಹೂಂ ಎಂದೆ. ಹೂಂ ಎಂದುಬಿಟ್ಟೆ.

ಮತ್ತೆ ಹಾರ್ನ್. ಬಂದೆ ಪುಟ್ಟಿ, ಎಂದು ಕೂಗಿದೆ. ಹಿಂದೆ ಕೂತ್ಕೋ, ಬೆಲ್ಟ್ ಹಾಕ್ಕೋ, ಎಂದೂ ಕೂಗಿದೆ. ಹಾಗಲ್ಲ. ಹೋಗಿ ಅವಳನ್ನು ಕೆಳಗಿಳಿಸಬೇಕು. ಕೈ ನಡುಗುತ್ತೆ, ನಾನು ಓಡಿಸಲ್ಲ: ಒಂದೇ ಮಾತು. ಇಷ್ಟು ಬರೆದು ಮುಗಿಸಿದ ಕೂಡಲೇ...