ಹನ್ನೆರಡನೇ ಬಿಲ್ಲೆ

ಜೂನ್ 9, ಬೆಳಿಗ್ಗೆ

ವೆಜಿಮೈಟ್ ಸವರಿದ ಟೋಸ್ಟ್, ಎರಡು ಕಪ್ ಟೀ. ಎರಡನೆಯದು ಹಾಗೇ ತಣ್ಣಗಾಯಿತು. ಯಾಕೆ ತಂದೆನೋ ಗೊತ್ತಿಲ್ಲ... ಗೊತ್ತು. ಕೈಗೆ ಇನ್ನೂ ಯಾರೂ ಹೇಳಿಲ್ಲ.

ಹಡಗು ಬ್ರೂಮ್ ಬಂದರು ಬಿಟ್ಟು ಮೂರನೇ ದಿನ. ಬಲಕ್ಕೆ ಕೆಂಪು ಬಂಡೆ, ಎಡಕ್ಕೆ ನೀರು. ನಾಳೆಯೂ ಹಾಗೇ ಇರುತ್ತದಂತೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ನಾನೂ ಬಾಯಿ ಬಿಡುತ್ತೇನೆ, ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ. ಒಳಗೆ ಏನೂ ಆಗುವುದಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಹೇಗಿರುತ್ತದೋ ಹಾಗಿದ್ದೇನೆ, ಮುಟ್ಟಿದರೆ ಬೇರೆ ಯಾರದೋ.

ಈ ಪ್ರಯಾಣ ಬುಕ್ ಮಾಡಿದ್ದು ಅವಳು, ನನ್ನ ಹೆಂಡತಿ. “ಜನ್ಮವೆಲ್ಲಾ ಗೋಧಿ ಸಾಗಿಸೋ ರೈಲು ಓಡ್ಸಿದ್ದಾಯ್ತು. ಹಳಿ ಇಲ್ಲದ ಕಡೆ ಒಂದ್ಸಲ ಕರ್ಕೊಂಡು ಹೋಗು ನನ್ನ” ಅಂದಿದ್ದಳು. ಮಾರ್ಚ್‌ನಲ್ಲಿ ತೀರಿಕೊಂಡಳು. ಅಡುಗೆಮನೆಯಲ್ಲಿ, ಮಂಗಳವಾರ, ಒಲೆ ಉರಿಯುತ್ತಲೇ ಇತ್ತು. ಮಗಳು ರೋಸ್ಲಿನ್ ಬಿಡಲಿಲ್ಲ. “ಅಮ್ಮ ಆಸೆಪಟ್ಟಿದ್ದು ಅಪ್ಪಾ. ಹೋಗ್ಲೇಬೇಕು ನೀನು.” ಹಡಗಿನವರಿಗೆ ಫೋನ್ ಮಾಡಿದ್ದೂ ಅವಳೇ. ‘ಅಮ್ಮ ಬರಲ್ಲ’ ಅಂದಳು, ಅಷ್ಟೇ, ಫೋನ್ ಇಟ್ಟುಬಿಟ್ಟಳು. ಹಾಗಾಗಿ ಇಲ್ಲಿ ಎಲ್ಲರೂ ನನ್ನವಳಿಗೆ ಹುಷಾರಿಲ್ಲ, ಮನೆಯಲ್ಲೇ ಉಳಿದಿದ್ದಾಳೆ ಅಂದುಕೊಂಡಿದ್ದಾರೆ. ನಾನು ತಿದ್ದಲಿಲ್ಲ.

ಎದುರು ಕ್ಯಾಬಿನ್ನಿನ ವೆಂಡಿ ದಿನಾ ಕೇಳುತ್ತಾಳೆ. “ಹೇಗಿದಾರೆ ನಿಮ್ಮನೆಯವ್ರು?”

“ಹಾಗೇ ಇದಾಳೆ” ಅನ್ನುತ್ತೇನೆ.

ಸುಳ್ಳೂ ಅಲ್ಲ.

ಅದೇ ದಿನ, ಊಟದ ಮೇಲೆ

ಕೆಳಗಿನ ಡೆಕ್‌ನಲ್ಲಿ, ಬೋಟ್ ಹತ್ತುವ ಬಾಗಿಲ ಪಕ್ಕ, ಒಂದು ಹಲಗೆ. ಕೊಕ್ಕೆಗಳಿಗೆ ಬಿಲ್ಲೆಗಳು, ಪ್ರಯಾಣಿಕರಿಗೆ ಒಬ್ಬೊಬ್ಬರಿಗೆ ಒಂದು ನಂಬರ್. ಒಂದು ಮಗ್ಗುಲು ನೀಲಿ, ಇನ್ನೊಂದು ಕೆಂಪು. ಹಡಗು ಬಿಟ್ಟು ಹೋಗುವಾಗ ಕೆಂಪು ಮಾಡಬೇಕು, ಬಂದ ಮೇಲೆ ನೀಲಿ. ಕೆಂಪು ಉಳಿದರೆ ಒಬ್ಬರು ದಡದಲ್ಲಿ ಉಳಿದಿದ್ದಾರೆ ಅಂತ ಲೆಕ್ಕ.

ಮೇಟ್ ಗ್ಯಾವಿನ್, ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಮೊದಲ ದಿನವೇ ಹೇಳಿದ್ದ. “ಅವರವರ ಬಿಲ್ಲೆ ಅವರವರೇ ತಿರುಗಿಸಿ. ಗಂಡಂದಿರೇ, ನಿಮಗೇ ಹೇಳ್ತಿರೋದು. ಹೆಂಡ್ತಿ ಬಿಲ್ಲೇನೂ ನೀವೇ ನೀಲಿ ಮಾಡಿ, ಹೆಂಡ್ತೀನ ಮೊಸಳೆ ಹತ್ರ ಬಿಟ್ಟು ಬಂದು, ಆರಾಮಾಗಿ ಬಿಯರ್ ಕುಡೀತಾ ಕೂತೋರನ್ನ ನೋಡಿದೀನಿ.” ಎಲ್ಲರೂ ನಕ್ಕರು. “ಕೆಂಪು ಕಂಡ್ರೆ ನಾವು ಮೊದಲು ಬೋಟ್ ತಿರುಗಿಸ್ತೀವಿ, ಆಮೇಲೆ ಹೆಸರು ಕೇಳ್ತೀವಿ. ಇಲ್ಲಿ ಸಮುದ್ರದ ಇಳಿತ ಯಾರಿಗೂ ಕಾಯಲ್ಲ.”

ನನ್ನದು ಹನ್ನೊಂದು. ಹನ್ನೆರಡು ಅವಳದು, ಯಾರೂ ತೆಗೆದಿಲ್ಲ. ಇವತ್ತು ಹೋಗುವಾಗ ಎರಡನ್ನೂ ಕೆಂಪು ಮಾಡಿದೆ. ಬಂದ ಮೇಲೆ ಎರಡನ್ನೂ ನೀಲಿ. ನಿನ್ನೆಯೂ ಹಾಗೇ ಮಾಡಿದ್ದೆ. ಯಾರೂ ನೋಡಲಿಲ್ಲ.

ಜೂನ್ 11

ಇವತ್ತು ಒಬ್ಬರು ಹತ್ತಿದರು. ಆಂಟಿ ಫಿಲೊಮಿನಾ. ಇಲ್ಲಿನ ಮೂಲನಿವಾಸಿ, ಈ ದಡ ಅವರ ಜನರದ್ದು, ಹಡಗಿನವರು ಅವರನ್ನು ಕೇಳದೆ ಇಳಿಯುವಂತಿಲ್ಲ. ದಪ್ಪ ಕನ್ನಡಕ, ಫುಟ್‌ಬಾಲ್ ಕ್ಲಬ್ಬಿನ ಟೋಪಿ, ಬಾಯಿ ಭಾರಿ ಚುರುಕು.

ಮರಳಿಗೆ ಕಾಲಿಟ್ಟ ಕೂಡಲೇ ಎಲ್ಲರನ್ನೂ ನಿಲ್ಲಿಸಿದರು. “ಹೇಳದೆ ಕೇಳದೆ ನುಗ್ಗಿದ್ರೆ ನಿಮ್ಮನೇಲಿ ಬಿಡ್ತೀರಾ? ಇಲ್ಲೂ ಅಷ್ಟೇ. ಒಳಗೆ ನಮ್ಮ ಹಿಂದಿನ ಕಾಲದ ಹಿರೀರು ಕೂತಿದಾರೆ. ಹೆಸರು ಹೇಳಿ, ಕೂಗಿ ತಿಳಿಸ್ತೀನಿ.”

“ಡೆಸ್” ಅಂದೆ.

“ಅರ್ಧ ಹೆಸರು ತಂದಿದೀಯಲ್ಲ ಮುದುಕಪ್ಪ. ಉಳಿದದ್ದು ಹೆಂಡ್ತಿ ಹತ್ರ ಬಿಟ್ಟು ಬಂದ್ಯಾ?”

“ಡೆಸ್ಮಂಡ್.”

“ಜೊತೇಲಿ ಯಾರು?”

“ಯಾರೂ ಇಲ್ಲ.”

ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಬಂಡೆಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಕೂಗಿದರು. ನಡುವೆ ನನ್ನ ಹೆಸರು ಕೇಳಿಸಿತು. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಿಂದ.

ಹಡಗಿಗೆ ವಾಪಸು. ಎರಡು ನೀಲಿ. ಮಲಗಿದೆ.

ಜೂನ್ 12

ಮಧ್ಯಾಹ್ನ ಡೆಕ್ ಮೇಲೆ ಟೀ, ಲ್ಯಾಮಿಂಗ್ಟನ್ ಕೇಕು. ವೆಂಡಿ ತನ್ನ ಅಮ್ಮನ ಹೆಸರು ಹೇಳಿದಳು. ಆಂಟಿ ಕೈ ಅಡ್ಡ ಹಿಡಿದರು.

“ಆ ಹೆಸರು ನನ್ನ ಮುಂದೆ ಬೇಡಮ್ಮ. ನಮ್ಮಕ್ಕನದೂ ಅದೇ. ಹೋದ ವರ್ಷ ಹೋದ್ಲು.”

“ಅಯ್ಯೋ, ಗೊತ್ತಿರ್ಲಿಲ್ಲ. ಹೇಳಿದ್ರೆ ಏನಾಗತ್ತೆ?”

“ಹೋಗ್ತಿರೋರನ್ನ ಹಿಂದಿನಿಂದ ಕರೆದ್ರೆ ಏನಾಗತ್ತೆ? ನಿಂತ್ಕೋತಾರೆ. ತಿರುಗಿ ನೋಡ್ತಾರೆ. ಆಮೇಲೆ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.” ಕೇಕಿನ ಕೊನೇ ತುಂಡು ಬಾಯಿಗೆ ಹಾಕಿಕೊಂಡರು. “ಸಕ್ಕರೆ ಕಾಯಿಲೆ ಇದೆ, ತಿನ್ಬಾರ್ದು ನಾನು.”

ನಾನೂ ಮಾರ್ಚ್‌ನಿಂದ ಅವಳ ಹೆಸರು ಹೇಳಿಲ್ಲ. ಇಲ್ಲೂ ಬರೆದಿಲ್ಲ. ಆದರೆ ನನ್ನದು ಕಟ್ಟುಪಾಡಲ್ಲ, ಹೇಡಿತನ.

ಜೂನ್ 14, ಸಂಜೆ

ಬೆಳಿಗ್ಗೆ ನೀರಿನ ಮೇಲೆ ಇಳಿಯುವ ವಿಮಾನ ಬಂತು. ಗ್ಯಾವಿನ್ ರಜೆ ಮೇಲೆ ಹೋದ. ಅವನ ಜಾಗಕ್ಕೆ ಕರ್ಸ್ಟನ್ ಅನ್ನುವವಳು, ಎತ್ತರದ ಹೆಣ್ಣು, ನಗುವುದಿಲ್ಲ. ಕ್ಯಾಪ್ಟನ್ ಅರ್ಧ ಜನರನ್ನು ಕರೆದುಕೊಂಡು ಹೆಲಿಕಾಪ್ಟರಿನಲ್ಲಿ ಜಲಪಾತಕ್ಕೆ ಹೋದ. ಉಳಿದವರು ಎರಡು ಬೋಟಿನಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗೆ ಹೋದೆವು, ಬಂಡೆಗೆ ಅಂಟಿದ ಸಿಂಪಿ ಕೀಳುವುದಕ್ಕೆ.

ಸುತ್ತಿಗೆ ಹೊಡೆದೆ, ಸಿಂಪಿ ಅಲುಗಲಿಲ್ಲ, ಹೆಬ್ಬೆರಳು ಊದಿತು. ಆಂಟಿ ಬೋಟಿನಲ್ಲಿ ಕೂತೇ ನೋಡುತ್ತಿದ್ದರು. “ರೈಲು ಓಡಿಸ್ತಿದ್ದೆ ಅಂತೀಯ. ಅಷ್ಟು ದೊಡ್ಡದನ್ನ ನಿಲ್ಲಿಸ್ತಿದ್ದೋನು ಇಷ್ಟು ಸಣ್ಣದನ್ನ ಹೊರಡ್ಸೋಕಾಗಲ್ವಾ?” ಬೋಟ್ ಓಡಿಸುವ ಲಿಂಡ್ಸೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಿಜವಾಗಿ. ಹೊಟ್ಟೆಯೊಳಗಿಂದ ಬಂತು, ನನಗೇ ಗಾಬರಿಯಾಯಿತು. ನಿಂಬೆ ಹಿಂಡಿ ಒಂದು ತಿಂದೆ. ಉಪ್ಪು ಉಪ್ಪಾಗಿಯೇ ಇತ್ತು. ಮಾರ್ಚ್ ನಂತರ ಬಾಯಿಗೆ ರುಚಿ ಅಂತ ಹತ್ತಿದ್ದು ಇವತ್ತೇ.

ಬರುವ ದಾರಿಯೆಲ್ಲ ಮಾತು. ಹೆಬ್ಬೆರಳು ಚೀಪುತ್ತಲೇ ಹಡಗು ಹತ್ತಿ, ಬಿಲ್ಲೆ ತಿರುಗಿಸಿ, ಕ್ಯಾಬಿನ್ನಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಸ್ನಾನಕ್ಕೆ ಹೋಗಿದ್ದಾರೆ.

ಕೆಳಗೆ ಕರ್ಸ್ಟನ್ ಕೂಗುತ್ತಿದ್ದಾಳೆ, ಲಿಂಡ್ಸೆ ಬೋಟ್ ಮತ್ತೆ ಹೊರಟ ಸದ್ದು. ಏನೋ ಆಗಿದೆ. ನೋಡಿ ಬರುತ್ತೇನೆ

ಜೂನ್ 15, ಬೆಳಿಗ್ಗೆ

ಬರೆಯಬೇಕು. ಬರೆಯದಿದ್ದರೆ ನಾಳೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಹಲಗೆಯಲ್ಲಿ ಒಂದು ಕೆಂಪು. ಹನ್ನೆರಡು. ಹೋಗುವಾಗ ಎರಡನ್ನೂ ಕೆಂಪು ಮಾಡಿದ್ದೆ, ನಗುತ್ತಾ ಬಂದವನು ನನ್ನದೊಂದನ್ನೇ ನೀಲಿ ಮಾಡಿ ಅವಳನ್ನು ಮರೆತಿದ್ದೆ.

ಕರ್ಸ್ಟನ್ ಕೈಯಲ್ಲಿ ಪ್ರಯಾಣಿಕರ ಪಟ್ಟಿ. ಅದರಲ್ಲಿ ಅವಳ ಹೆಸರು ಹಾಗೇ ಇದೆ. ಬೋಟ್ ಆಗಲೇ ಕಾಲುವೆ ಬಾಯಿ ಮುಟ್ಟಿತ್ತು, ಲಿಂಡ್ಸೆ ಮತ್ತು ಆಂಟಿ ಇಬ್ಬರೇ. ಕರ್ಸ್ಟನ್ ರೇಡಿಯೋದಲ್ಲಿ ಅವರಿಗೆ ಹೆಸರು ಹೇಳಿದಳು. ಎರಡು ಸಲ, ಬಿಡಿಸಿ ಬಿಡಿಸಿ, ಅದು ಯಾರ ಹೆಸರು ಅಂತ ಅವರಿಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

“ಹನ್ನೊಂದು-ಹನ್ನೆರಡು ನಿಮ್ಮ ಕ್ಯಾಬಿನ್ನಿನ ಬಿಲ್ಲೆ ಅಲ್ವಾ ಸರ್? ನಿಮ್ಮ ಮನೆಯವರನ್ನ ಕೊನೇಗೆ ಎಲ್ಲಿ ನೋಡಿದ್ರಿ?”

ಬಾಯಿ ತೆರೆದೆ. ಹಲಗೆಯ ಕಡೆ ಕೈ ತೋರಿಸಿದೆ. ಅವಳು ಗಾಬರಿ ಅಂದುಕೊಂಡಳು. ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು, ಟವೆಲ್ ಹೊದಿಸಿದಳು. “ಹೆದರ್ಬೇಡಿ. ಹುಡುಕ್ತಾರೆ. ಕರ್ಕೊಂಡೇ ಬರ್ತಾರೆ.” ನಗದ ಹೆಣ್ಣು, ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಮಾರ್ಚ್‌ನಿಂದ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಎಲ್ಲರೂ ‘ಸಮಾಧಾನ ಮಾಡ್ಕೊಳ್ಳಿ’ ಅಂದವರೇ.

ಆಗ ಕೇಳಿಸಿತು. ಗಾಳಿಯಿಲ್ಲದ ಹೊತ್ತು, ನೀರಿನ ಮೇಲೆ ದನಿ ಸಲೀಸಾಗಿ ಬರುತ್ತಿತ್ತು. ಆಂಟಿಯ ದನಿ. ಅವಳ ಹೆಸರು. ಮೊದಲಕ್ಷರ ಎಳೆದು, ಕೊನೆಯಲ್ಲಿ ಎತ್ತಿ. ಬಂಡೆಗೆ ತಾಗಿ ಇನ್ನೊಮ್ಮೆ.

ಮನೆಯಲ್ಲಿ ಕರೆದರೆ ಅವಳು ಒಂದು ಸಲಕ್ಕೆ ಎಂದೂ ಓಗೊಟ್ಟವಳಲ್ಲ. ಮೂರನೇ ಸಲಕ್ಕೆ, “ಬಂದೇ, ಕಿವುಡಿ ಅಲ್ಲ ನಾನು” ಅನ್ನುತ್ತಿದ್ದಳು. ನಾನು ಕಾದೆ. ಎರಡನೇ ಸಲ ಕೂಗಿದರು. ಮೂರನೇ ಸಲ. ಆಮೇಲೂ ಕೂಗಿದರು. ಇಳಿತ ಶುರುವಾಗಿದೆ ಅಂತ ಗೊತ್ತಿತ್ತು. ಕಾಲುವೆ ಬಾಯಿಯ ಕೆಸರು ದಿಬ್ಬ ನೀರಿನಿಂದ ಎದ್ದರೆ ಅವರಿಬ್ಬರೂ ಒಳಗೇ ಸಿಕ್ಕಿಕೊಳ್ಳುತ್ತಾರೆ ಅಂತ ಗೊತ್ತಿತ್ತು. ಆ ಕಾಲುವೆಯಲ್ಲೇ ಒಂದು ಮೊಸಳೆಯನ್ನು ಮಧ್ಯಾಹ್ನ ನಾನೇ ಕಣ್ಣಾರೆ ನೋಡಿದ್ದೆ. ಎಲ್ಲ ಗೊತ್ತಿದ್ದೂ ಕೂತು ಕೇಳುತ್ತಿದ್ದೆ. ಯಾರೋ ಅವಳನ್ನು ಹುಡುಕುತ್ತಿದ್ದಾರೆ, ಇನ್ನೂ ಹುಡುಕಲಿ ಅನ್ನಿಸಿತು. ಅದು ನಿಜ.

“ಅಡುಗೆಮನೆಯಲ್ಲಿ” ಅಂದೆ.

“ಏನು ಸರ್?”

“ಕೊನೇಗೆ ನೋಡಿದ್ದು. ಮಾರ್ಚ್‌ನಲ್ಲಿ. ಅವಳು ಹಡಗು ಹತ್ತಲೇ ಇಲ್ಲಮ್ಮ. ತೀರ್ಕೊಂಡಿದಾಳೆ. ಬಿಲ್ಲೆ ನಾನೇ ತಿರುಗಿಸಿದ್ದು.”

ಕರ್ಸ್ಟನ್ ನನ್ನ ಕೈ ಬಿಟ್ಟಳು. ರೇಡಿಯೋ ಹಿಡಿದಳು. ಬಂಡೆಗಳ ಆಚೆ ಅದು ಹಿಡಿಯಲಿಲ್ಲ. ಹಡಗಿನ ಸೈರನ್ ಊದಿದರು, ಮತ್ತೆ ಮತ್ತೆ. ಅವರಿಗೆ ಕೇಳಿಸಿ, ತಿರುಗಿ ಬರುವಷ್ಟರಲ್ಲಿ ದಿಬ್ಬ ಎದ್ದಿತ್ತು. ಬೋಟ್ ಕೆಸರಿನಲ್ಲಿ ಕೂತಿತು. ಮುಂದಿನ ಉಬ್ಬರ ಬರುವ ತನಕ ಇಬ್ಬರೂ ಆ ಕತ್ತಲಲ್ಲಿ, ಒಂದು ಟಾರ್ಚ್ ಇಟ್ಟುಕೊಂಡು. ಬೋಟ್ ತಳ್ಳಲು ಇಳಿದ ಲಿಂಡ್ಸೆಯ ಪಾದವನ್ನು ಸಿಂಪಿ ಚಿಪ್ಪು ಸೀಳಿತ್ತು. ಹನ್ನೆರಡು ಹೊಲಿಗೆ ಅಂತ ಕೇಳಿದೆ. ಹನ್ನೆರಡೇ ಆಗಬೇಕಿತ್ತೆ.

ಹಡಗು ಹತ್ತುವಾಗ ಆಂಟಿಗೆ ಕರ್ಸ್ಟನ್ ವಿಷಯ ಹೇಳಿದಳು. ಆಂಟಿ ನಿಂತಲ್ಲೇ ನಿಂತರು. ಆಮೇಲೆ ನನ್ನನ್ನು ದಾಟಿಕೊಂಡು ಹೋದರು. ನೋಡಲಿಲ್ಲ.

ಜೂನ್ 16

ಲಿಂಡ್ಸೆ ಹತ್ತಿರ ಹೋದೆ. ಕಾಲು ಮೇಲಿಟ್ಟುಕೊಂಡು ಕೂತಿದ್ದ. ಕ್ಷಮಿಸು ಅಂದೆ. “ಹೋಗ್ಲಿ ಬಿಡಿ ಸರ್, ಯಾರೂ ಸತ್ತಿಲ್ವಲ್ಲ” ಅಂದ. ಅಂದ ಮೇಲೆ ಅವನ ಮುಖವೇ ಕೆಂಪಾಯಿತು. ಪರವಾಗಿಲ್ಲ ಅಂದೆ.

ವೆಂಡಿ ಬಾಗಿಲು ತಟ್ಟಿ ಒಳಗೆ ಬರದೆ ಅತ್ತಳು. “ದಿನಾ ಕೇಳ್ತಿದ್ನಲ್ಲ...” ಅವಳನ್ನೂ ನಾನೇ ಸಮಾಧಾನ ಮಾಡಬೇಕಾಯಿತು. ಮಾಡಿದೆ. ಏನೂ ಅನ್ನಿಸಲಿಲ್ಲ.

ಸಂಜೆ ಆಂಟಿ ತಾವೇ ಬಂದು ಎದುರು ಕೂತರು. ಟೋಪಿ ಇರಲಿಲ್ಲ.

“ನನ್ನ ಕೈಲಿ ಏನು ಮಾಡಿಸ್ದೆ ಗೊತ್ತಾ ನೀನು?”

“ಗೊತ್ತು.”

“ಗೊತ್ತಿಲ್ಲ. ಮುಚ್ಚು ಬಾಯಿ. ಸತ್ತೋರ ಹೆಸರು ಕೂಗಿಸ್ದೆ. ನಮ್ಮಕ್ಕನ ಹೆಸರು ಮನೇಲಿ ಪಿಸುಗುಟ್ಟದೋಳು ನಾನು, ನಿನ್ನ ಹೆಂಡ್ತಿ ಹೆಸರು ಹಿಡಿದು ಮರ ಮರಕ್ಕೂ ಕೇಳೋ ಹಾಗೆ ಕೂಗ್ದೆ. ನಮ್ಮ ಹಿರೀರ ಎದುರಿಗೆ. ಬಾ, ಬಾ ಅಂತ.”

ನನ್ನ ಟೀ ಕಪ್ಪನ್ನು ಅವರ ಕಡೆ ಸರಿಸಿದೆ, ಮುಟ್ಟಲಿಲ್ಲ.

“ಈಗ ಆಕೆ ಬಂದು ಅಲ್ಲಿ ನಿಂತಿರ್ತಾಳೆ. ಊರಲ್ಲ, ಗುರುತಿಲ್ಲ, ಕರೆದೋರು ಯಾರೋ. ನಾನು ಹೋಗು ಅಂದ್ರೆ ಹೋಗ್ತಾಳಾ? ನಾನೇನಾಗ್ಬೇಕು ಆಕೆಗೆ?” ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. “ನೀನೇ ಹೇಳಿ ಕಳಿಸ್ಬೇಕು.”

“ಹೇಗೆ ಅಂತ ನಂಗೆ ಗೊತ್ತಿಲ್ಲ ಆಂಟಿ.”

“ಮದ್ವೆ ಆಗಿದ್ದು ನಾನಾ? ನಾಳೆ ಬೆಳಿಗ್ಗೆ ಉಬ್ಬರ ಇದ್ದಾಗ ಹೋಗೋಣ. ಒಂದೇ ಒಂದ್ಸಲ ಹೆಸರು ಹಿಡಿದು ಕರಿ. ಆಮೇಲೆ ಮನೆಗೆ ಹೋಗು ಅನ್ನು. ಮತ್ತೆ ಕರೀಬೇಡ. ಎರಡನೇ ಸಲ ಕರೆದ್ಯೋ, ಬಾ ಅಂದಂಗೆ.”

ಜೂನ್ 17

ಕ್ಯಾಪ್ಟನ್ ಬೋಟ್ ಕೊಟ್ಟ. ಕರ್ಸ್ಟನ್ ಓಡಿಸಿದಳು. ಹೊರಡುವಾಗ ಹಲಗೆಯ ಮುಂದೆ ನಿಂತೆ. ಹನ್ನೆರಡರ ಕೊಕ್ಕೆ ಖಾಲಿ. ಬಿಲ್ಲೆಯನ್ನು ಕರ್ಸ್ಟನ್ ನನ್ನ ಕೈಗೆ ಕೊಟ್ಟಳು. ನನ್ನದೊಂದನ್ನೇ ತಿರುಗಿಸಿದೆ.

ಕಾಲುವೆ ತುಂಬಿತ್ತು. ಮೊನ್ನೆ ಕೆಸರಿದ್ದಲ್ಲಿ ಗಿಡಗಳ ತಲೆ ಮಾತ್ರ ಕಾಣುತ್ತಿತ್ತು. ಆಂಟಿ ಸಿಂಪಿ ಬಂಡೆಯ ನೆತ್ತಿಯ ಮೇಲೆ ಎಲೆ ಒಟ್ಟಿ ಹೊಗೆ ಹಾಕಿದರು. ನನ್ನನ್ನು ಹೊಗೆಯೊಳಗೆ ನಿಲ್ಲಿಸಿದರು. ಕಣ್ಣು ಉರಿಯಿತು. ತಮ್ಮ ಭಾಷೆಯಲ್ಲಿ ಹಿರಿಯರಿಗೆ ಏನೋ ಹೇಳಿ, ದೂರ ಹೋಗಿ, ಬೆನ್ನು ಹಾಕಿ ಕೂತು ಎರಡೂ ಕಿವಿ ಮುಚ್ಚಿಕೊಂಡರು. ಕರ್ಸ್ಟನ್ ಎಂಜಿನ್ ನಿಲ್ಲಿಸಿದಳು.

ಡೋರೀನ್.

ಕೂಗಿದೆ. ಅಷ್ಟು ಜೋರಾಗಿ ಅವಳನ್ನು ಎಂದೂ ಕೂಗಿರಲಿಲ್ಲ, ನಮ್ಮದು ಸಣ್ಣ ಮನೆ. ಬಂಡೆ ಅದನ್ನೇ ತಿರುಗಿ ಹೇಳಿತು. ಕಣ್ಣಲ್ಲಿ ನೀರು. ಹೊಗೆ ಆಗಲೇ ಅತ್ತ ಸರಿದಿತ್ತು, ಹೊಗೆಯದಲ್ಲ. ಮನೆಗೆ ಹೋಗು ಅನ್ನಬೇಕಿತ್ತು, ಅಷ್ಟೇ. ಎರಡು ಮಾತು. ಆಂಟಿ ಕಿವಿ ಮುಚ್ಚಿಕೊಂಡೇ ಕಾಯುತ್ತಿದ್ದರು.

ಒಂದು ಸಲಕ್ಕೆ ಎಂದೂ ಓಗೊಟ್ಟವಳಲ್ಲ ಅವಳು. ಮತ್ತೆ ಬಾಯಿ ತೆರೆದೆ, ಮತ್ತೆ ಅವಳ ಹೆಸರನ್ನೇ ಕೂಗಿದೆ.