ಮೂರನೇ ಸುತ್ತಿನಲ್ಲಿ ನಿಂತ ಎಂಜಿನ್ನು

ಮೌಂಟನ್ ವ್ಯೂ
೧೫ ಜೂನ್ ೨೦೨೫, ಭಾನುವಾರ

ಪ್ರೀತಿಯ ಚಿಕ್ಕಪ್ಪನಿಗೆ,

ನಿಹಾರಿಕಾಳ ನಮಸ್ಕಾರಗಳು. ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು, ಬೈಯಬೇಡಿ. ಫೋನಿನಲ್ಲಿ ಹೇಳಿದರೆ ನಡುವೆಯೇ ತಡೆಯುತ್ತೀರಿ. ಇದನ್ನು ನೀವು ಪೂರ್ತಿ ಕೇಳಬೇಕು.

ಹಾಸನದ ಗ್ಯಾರೇಜಿನಲ್ಲಿ ನನಗೆ ಸ್ಪಾನರ್ ಹಿಡಿಯಲು ಕಲಿಸಿದವರು ನೀವು. ನಾನೀಗ ಓಡಿಸುವ ಸ್ಪೀಡ್‌ವೇ ಬೈಕಿಗೆ ಬ್ರೇಕೇ ಇಲ್ಲ ಎಂದರೆ ನಂಬುತ್ತೀರಾ? ಗೇರೂ ಒಂದೇ. ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ನಾಲ್ಕು ಸುತ್ತು ಹಾಕಬೇಕು. ಒಂದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ.

ಮೂರು ವಾರದ ಹಿಂದೆ ಒಂದು ಪಂದ್ಯಾವಳಿಯ ಫೈನಲ್ ಇತ್ತು. ಮೂರನೇ ಸುತ್ತಿನವರೆಗೆ ನಾನೇ ಮುಂದಿದ್ದೆ. ತಿರುವಿನಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯಿತು. ಬೈಕನ್ನು ಒಳಗಿನ ಹುಲ್ಲಿಗೆ ಕೆಡವಿದೆ. ಹಿಂದಿನವನ ಚಕ್ರ ನನ್ನ ಹೆಲ್ಮೆಟ್ಟಿಗೆ ಒಂದು ಗೇಣು ದೂರದಲ್ಲಿ ಹೋಯಿತು. ಕೇದಾರ ಗೆದ್ದ.

ಕೇದಾರ ಬರ್ಕ್ಲಿಯಲ್ಲಿ ಓದುತ್ತಾನೆ, ಮಂಡ್ಯದವರ ಮಗ. ಎರಡು ವರ್ಷದಿಂದ ನಮ್ಮಿಬ್ಬರ ಬೈಕೂ ಒಂದೇ ಟ್ರಕ್ಕಿನಲ್ಲಿ ಹೋಗುತ್ತಿದ್ದವು. ಅವತ್ತು ನೋಡಿದರೆ ನನ್ನ ಬೈಕಿನ ಸ್ಪಾರ್ಕ್ ಪ್ಲಗ್ಗಿನ ಕ್ಯಾಪು ಕಳಚಿ ನೇತಾಡುತ್ತಿತ್ತು. ಬೆಳಿಗ್ಗೆ ಕೈಯಾರೆ ಒತ್ತಿ ಕೂರಿಸಿದ್ದೆ, ಚಿಕ್ಕಪ್ಪ! ಪಕ್ಕದಲ್ಲಿ ನಿಂತಿದ್ದದ್ದು ಅವನ ಬೈಕೊಂದೇ. ಸಾಲದ್ದಕ್ಕೆ ಹತ್ತಿರ ಬಂದು "ಬ್ಯಾಡ್ ಲಕ್ ಕಣೇ ನಿಹಾ" ಅಂತ ತಬ್ಬಿಕೊಂಡ. ಆ ಕ್ಷಣವೇ ತೀರ್ಮಾನಿಸಿದೆ, ಇವನನ್ನು ಬಿಡುವುದಿಲ್ಲ ಎಂದು.

ನಿನ್ನೆಯ ರೇಸಿನಲ್ಲಿ ಬಿಡಲಿಲ್ಲ. ಎರಡನೇ ತಿರುವಿನಲ್ಲಿ ಅವನು ಹೊರಬದಿಗಿದ್ದ. ಜಾಗ ಕೊಡಬೇಕಿತ್ತು, ಕೊಡಲಿಲ್ಲ. ಬೇಲಿಯವರೆಗೂ ತಳ್ಳಿಕೊಂಡು ಹೋದೆ. ಅವನ ಬಲ ಹೆಗಲ ಮೂಳೆ ಮುರಿದಿದೆ. ನನ್ನನ್ನು ರೇಸಿನಿಂದ ಹೊರಹಾಕಿದರು, ನಗುತ್ತಲೇ ಹೊರಬಂದೆ. ಸ್ಟ್ರೆಚರಿನಲ್ಲಿ ಅವನನ್ನು ಒಯ್ಯುವಾಗ ನನ್ನ ಹೊಟ್ಟೆ ತಣ್ಣಗಾಯಿತು. ತಪ್ಪು ಎನ್ನುತ್ತೀರಿ, ಗೊತ್ತು. ಆದರೆ ಮೂರು ವಾರದಲ್ಲಿ ನಿನ್ನೆಯೇ ನಾನು ನೆಮ್ಮದಿಯಾಗಿ ಮಲಗಿದ್ದು.

ಚಿಕ್ಕಮ್ಮನ ಮಂಡಿ ನೋವು ಹೇಗಿದೆ? ಪುಟ್ಟ ಆಕಾಶನಿಗೆ ಮುತ್ತು. ಬೈದಾದ ಮೇಲೆ ಒಂದು ಆಶೀರ್ವಾದವನ್ನೂ ಬರೆದು ಕಳಿಸಿ.

ನಿಮ್ಮ ಮಗಳು,
ನಿಹಾರಿಕಾ

ತಾ.ಕ.: ಸೋಮವಾರ ಸಂಜೆ. ಲಕೋಟೆ ಅಂಟಿಸಬೇಕು, ಅಷ್ಟರಲ್ಲಿ ಅಪ್ಪ ಬಂದು ಎದುರು ಕೂತರು.

"ಕೇದಾರ ಏನೂ ಮಾಡಿಲ್ಲ ಕಣಮ್ಮ. ಅವತ್ತು ನೀನು ಕೂರಿಸಿ ಆ ಕಡೆ ಹೋದ ಮೇಲೆ ಆ ಕ್ಯಾಪು ಎಳೆದು ಸಡಿಲ ಮಾಡಿದ್ದು ನಾನು. ಬೈಕು ಸ್ಟಾರ್ಟೇ ಆಗಲ್ಲ, ಬೇಜಾರಾಗಿ ಇದನ್ನೆಲ್ಲ ಬಿಟ್ಟುಬಿಡ್ತೀಯ ಅಂದ್ಕೊಂಡಿದ್ದೆ. ಓಡ್ತಾ ಓಡ್ತಾ ಕಳಚುತ್ತೆ ಅಂತ ಗೊತ್ತಿರ್ಲಿಲ್ಲ."

ಮೂರು ವಾರ, ಚಿಕ್ಕಪ್ಪ. ನಾನು ಕೇದಾರನ ಹೆಸರೆತ್ತಿ ಹಲ್ಲು ಕಡಿದಾಗಲೆಲ್ಲ ನಿಮ್ಮ ಅಣ್ಣ "ಇನ್ನೊಂದು ಚಪಾತಿ ಹಾಕ್ಲಾ?" ಎಂದು ಕೇಳುತ್ತಿದ್ದರು.

"ನಾಳೆ ಅವರ ಮನೆಗೆ ಹೋಗೋಣ. ಅವನ ತಾಯಿ ಎದುರಿಗೆ ನೀವೇ ಹೇಳಿ, ನಾನು ನಿಂತು ಕೇಳ್ತೀನಿ" ಎಂದೆ. ಕಣ್ಣೊರೆಸಿಕೊಂಡರು. ನನಗೆ ಕರುಣೆ ಬರಲಿಲ್ಲ.

ಅವರ ತಪ್ಪೊಪ್ಪಿಗೆ ಮುಗಿದ ಮೇಲೆ ನನ್ನದಿದೆ. ಮಧ್ಯಾಹ್ನ ಕೇದಾರ ಎಡಗೈಯಲ್ಲಿ ಟೈಪು ಮಾಡಿ ಮೆಸೇಜು ಕಳಿಸಿದ್ದ: "ನಿಂಗೇನೂ ಆಗಿಲ್ಲ ತಾನೆ? ಬೈಕು ಮತ್ತೆ ಕೈಕೊಡ್ತಾ?" ನಾನು ಬೇಕೆಂದೇ ಮಾಡಿದೆ ಎಂದು ಅವನಿಗಿನ್ನೂ ಹೊಳೆದೇ ಇಲ್ಲ.